ಅರವತ್ತರ ಆಸುಪಾಸಿನಲ್ಲಿ ಮತ್ತೆ ಸೈಕಲ್: ಸೀಟು, ಗೇರು, ಮಂಡಿ, ಎದೆಬಡಿತ

ನಿಧಾನಿ:
ಇಪ್ಪತ್ತು-ಮೂವತ್ತು ವರ್ಷ ಸೈಕಲ್ ಮುಟ್ಟದೆ, ಈಗ ಅರವತ್ತರ ಹತ್ತಿರ ಬಂದಾಗ ಮತ್ತೆ ಹತ್ತಬೇಕು ಅಂತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮೂಲೆಯಲ್ಲಿ ನಿಂತ ಹಳೇ ಸೈಕಲ್ಲೇ ಸಾಕಾ? ಮಂಡಿ ಹಾಳಾಗದ ಹಾಗೆ ಸೀಟು ಎಲ್ಲಿಗೆ ಕೂರಿಸೋದು? ವಾರಕ್ಕೆ ಎಷ್ಟು ತುಳಿಯೋದು? ಅಲ್ಲಲ್ಲಿ ಚದುರಿದ ಉತ್ತರಗಳು ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ. ಸ್ವಂತ ಕಥೆ ಬೇಡ. ಅಳತೆ ಹೇಳಿ, ಕಾರಣ ಹೇಳಿ, ಎಲ್ಲಿ ಕೈಕೊಡುತ್ತೆ ಅನ್ನೋದನ್ನೂ ಹೇಳಿ. ಹೃದಯದ ತೊಂದರೆ, ಸ್ಟೆಂಟು, ಹತೋಟಿಗೆ ಬಾರದ ಬಿಪಿ ಇರುವವರು ಮೊದಲು ವೈದ್ಯರ ಹತ್ತಿರ ಮಾತಾಡಿಕೊಂಡು ಬನ್ನಿ. ಅದು ಇಲ್ಲಿ ಬಗೆಹರಿಯುವ ವಿಷಯವಲ್ಲ.

ಕಡ್ಡಿಬಿಗಿ:
ಹಳೇ ಸೈಕಲ್‌ನಿಂದಲೇ ಶುರು ಮಾಡೋಣ. ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ಕಬ್ಬಿಣಕ್ಕಿಂತ ಮೊದಲು ಕೆಡೋದು ರಬ್ಬರು ಮತ್ತು ಗ್ರೀಸು. ಗಾಳಿ ತುಂಬುವ ಮೊದಲೇ ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ಮಡಚಿ ನೋಡಿ. ಸುತ್ತಲೂ ಸಣ್ಣ ಬಿರುಕುಗಳಿದ್ದರೆ, ಒಳಗಿನ ನೂಲು ಇಣುಕುತ್ತಿದ್ದರೆ ಆ ಟೈರಿನ ಕಥೆ ಮುಗೀತು, ನೆಲಕ್ಕೆ ತಾಗುವ ಭಾಗ ಎಷ್ಟೇ ಹೊಸದಾಗಿ ಕಂಡರೂ. ಟ್ಯೂಬನ್ನೂ ಜೊತೆಗೇ ಬದಲಿಸಿ, ಹಳೇ ಟ್ಯೂಬು ವಾಲ್ವಿನ ಬುಡದಲ್ಲೇ ಬಿಟ್ಟುಕೊಳ್ಳುತ್ತೆ.

ಹೊಸ ಟೈರು ತರುವಾಗ ಇಂಚಿನ ಲೆಕ್ಕ ನಂಬಿಕೊಂಡು ಹೋಗಬೇಡಿ. 26 ಇಂಚು ಅಂತ ಬರೆದಿರುವ ಟೈರು 559 ಮಿ.ಮೀ. ರಿಮ್ಮಿನದಿರಬಹುದು, 571ರದು, 584ರದು, 590ರದೂ ಇರಬಹುದು. 27 ಇಂಚಿನದು 630, 700ಸಿ ಅನ್ನೋದು 622. ಕಣ್ಣಿಗೆ ಎರಡೂ ಒಂದೇ, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. ಹಳೇ ಕಾಲದ 28 ಇಂಚಿನ ಭಾರದ ಸೈಕಲ್ಲಿನದು 635. ಟೈರಿನ ಪಕ್ಕದಲ್ಲಿ 37-590 ಅನ್ನೋ ಥರ ಎರಡು ಅಂಕಿ ಒತ್ತಿರುತ್ತಾರೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅಗಲ ಸ್ವಲ್ಪ ಆಚೀಚೆ ಆಗಬಹುದು, ವ್ಯಾಸ ಒಂದು ಮಿಲಿಮೀಟರೂ ತಪ್ಪಬಾರದು.

ಬ್ರೇಕ್ ಶೂ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಎಸೆಯಿರಿ, ಅದು ರಿಮ್ಮಿನ ಮೇಲೆ ಜಾರುತ್ತೆ, ಹಿಡಿಯಲ್ಲ. ಒಳಗಿನ ತಂತಿ ಒಂದನ್ನೇ ಬದಲಿಸಿ ಹೊರಗಿನ ಕೊಳವೆ ಹಾಗೇ ಬಿಡೋದು ಅರ್ಧ ಕೆಲಸ, ತುಕ್ಕು ಇರೋದು ಕೊಳವೆಯ ಒಳಗೆ. ಲಿವರು ಪೂರ್ತಿ ಎಳೆದಾಗ ಹ್ಯಾಂಡಲ್ಲಿಗೆ ತಾಗಬಾರದು. ವಯಸ್ಸಾದ ಮೇಲೆ ಬೆರಳಿನ ಹಿಡಿತ ಕಮ್ಮಿಯಾಗಿರುತ್ತೆ, ಬಹಳಷ್ಟು ಲಿವರುಗಳಲ್ಲಿ ಬುಡದ ಹತ್ತಿರ ಒಂದು ಚಿಕ್ಕ ಸ್ಕ್ರೂ ಇದೆ, ಅದನ್ನು ಒಳಗೆ ತಿರುಗಿಸಿದರೆ ಲಿವರು ಬೆರಳಿಗೆ ಹತ್ತಿರ ಬರುತ್ತೆ. ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕು ಹಿಡಿಯೋದು ತೀರಾ ತಡ. ಮಳೆಯಲ್ಲಿ ಓಡಿಸುವವರು ಚಕ್ರವನ್ನೇ ಅಲ್ಯೂಮಿನಿಯಂ ರಿಮ್ಮಿಗೆ ಕಟ್ಟಿಸಿಕೊಳ್ಳೋದು ಒಳ್ಳೇದು.

ಆಮೇಲೆ ಚಕ್ರ ಎತ್ತಿ ಹಿಡಿದು ರಿಮ್ಮನ್ನು ಅಕ್ಕಪಕ್ಕ ಅಲ್ಲಾಡಿಸಿ. ಟಕ್ ಟಕ್ ಅಂದರೆ ಕೋನು, ಅಂದರೆ ಅಕ್ಸಲ್ಲಿನ ಮೇಲೆ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು, ಸಡಿಲ. ತಿರುಗಿಸುವಾಗ ಅಕ್ಸಲ್ಲಿನಲ್ಲಿ ಮರಳು ಅರೆದ ಹಾಗೆ ಕೈಗೆ ಸಿಕ್ಕಿದರೆ ಬಿಚ್ಚಿ ತೊಳೆದು ಹೊಸ ಬಾಲ್ಸು, ಹೊಸ ಗ್ರೀಸು ಹಾಕಬೇಕು. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ (ಚಕ್ರದ ನಡುವಿನ ಗುಂಬ) 3/16 ಇಂಚಿನ ಬಾಲ್ಸು ಪಕ್ಕಕ್ಕೆ 10, ಹಿಂದಿನದಕ್ಕೆ 1/4 ಇಂಚಿನದು ಪಕ್ಕಕ್ಕೆ 9. ಬಿಚ್ಚುವಾಗ ಎಣಿಸಿಟ್ಟುಕೊಳ್ಳಿ. ಹಳೇದರ ಜೊತೆ ಹೊಸದು ಬೆರೆಸಬೇಡಿ, ಗಾತ್ರದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಭಾರವೆಲ್ಲ ದೊಡ್ಡ ಬಾಲ್ಸಿನ ಮೇಲೇ ಬೀಳುತ್ತೆ.

ಚೈನಿಗೆ ಸ್ಕೇಲ್ ಇಟ್ಟು ನೋಡಿ. ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ 24 ಕೊಂಡಿ ಅಂದರೆ ಸರಿಯಾಗಿ 12 ಇಂಚು, 304.8 ಮಿ.ಮೀ. ಅದು 12 ಇಂಚು ಮತ್ತು 1/16 ದಾಟಿದರೆ ಚೈನು ಬದಲಿಸುವ ಹೊತ್ತು. 1/8 ದಾಟಿದ್ದರೆ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನು ಒಂದೇ ಹಾಕಿದರೆ ಜೋರಾಗಿ ತುಳಿದಾಗ ಹಾರುತ್ತೆ. ಹೀಗೆ ಹಾರಿದಾಗಲೇ ಸವಾರ ಮುಂದಕ್ಕೆ ಬಿದ್ದು ಏಟು ಮಾಡಿಕೊಳ್ಳೋದು.

ಎಡಪೆಡಲ್:
ಕಡ್ಡಿಬಿಗಿ ಹೇಳಿದ್ದಕ್ಕೆ ಇನ್ನೊಂದೆರಡು. ಎಡಗಡೆ ಪೆಡಲ್ಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಪೈಪು ಹಾಕಿ ಎಳೆದು ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದಿರುವ ತೋಳಿನ, ಮರೆ ಕಿತ್ತುಕೊಳ್ಳುವವರು ಬಹಳ.

ಸೀಟಿನ ಕಂಬ, ಹ್ಯಾಂಡಲ್ಲಿನ ಕಂಬ ಎರಡನ್ನೂ ಒಮ್ಮೆ ಪೂರ್ತಿ ಹೊರಗೆಳೆದು ಗ್ರೀಸು ಸವರಿ ಮತ್ತೆ ಕೂರಿಸಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ ವರ್ಷಗಟ್ಟಲೆ ಕೂತರೆ ಎರಡೂ ಲೋಹ ಕಚ್ಚಿಕೊಂಡುಬಿಡುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಕಂಬವನ್ನು ಎಡಕ್ಕೂ ಬಲಕ್ಕೂ ತಿರುವಿ ಬಿಡಿಸಬೇಕು, ಸುತ್ತಿಗೆಯಿಂದ ಮೇಲಕ್ಕೆ ಹೊಡೆಯೋದಲ್ಲ. ಕಂಬದ ಮೇಲೆ 'ಇದಕ್ಕಿಂತ ಮೇಲೆತ್ತಬೇಡಿ' ಅನ್ನೋ ಗೆರೆ ಇರುತ್ತೆ. ಆ ಗೆರೆ ಹೊರಗೆ ಕಾಣಿಸುವಷ್ಟು ಎತ್ತಿದರೆ ಮಾತ್ರ ಸೀಟು ನಿಮಗೆ ಸರಿಯಾಗುತ್ತೆ ಅಂದರೆ ಆ ಫ್ರೇಮು ನಿಮಗೆ ಚಿಕ್ಕದು. ಉದ್ದದ ಕಂಬ ಸಿಗುತ್ತೆ, ಆದರೆ ಹ್ಯಾಂಡಲ್ ಕೆಳಗೇ ಉಳಿಯುತ್ತೆ, ಬೆನ್ನು ಬಗ್ಗುತ್ತೆ.

ಮೋಟುಗೋಡೆ:
ಇಷ್ಟೆಲ್ಲ ಮಾಡೋದಕ್ಕಿಂತ ಹೊಸದು ತೊಗೊಳ್ಳೋದೇ ವಾಸಿ ಅಲ್ವಾ? ಕಾಲು ಎತ್ತಿ ಹಾಕೋದೇ ಕಷ್ಟ ಆಗಿರುವವರು ಏನು ನೋಡಬೇಕು?

ಕಡ್ಡಿಬಿಗಿ:
ಫ್ರೇಮು ನೆಟ್ಟಗಿದ್ದು, ಅಳತೆ ಹೊಂದಿ, ಟೈರು, ಬ್ರೇಕು, ಚೈನು, ಬಾಲ್ಸು ಇಷ್ಟರಲ್ಲೇ ಮುಗಿಯುವುದಾದರೆ ಹಳೇದೇ ಇರಲಿ. ಮೇಲಿನ ಅಡ್ಡ ಪೈಪು ದಾಟಿಸಿ ಕಾಲು ಹಾಕೋಕೆ ಸೊಂಟ ಬಿಡದಿದ್ದರೆ ರಿಪೇರಿ ಲೆಕ್ಕ ಬಿಟ್ಟುಬಿಡಿ, ಅಡ್ಡ ಪೈಪು ಕೆಳಗಿಳಿದ ಫ್ರೇಮು ತೊಗೊಳ್ಳಿ. ಅದನ್ನು ಹೆಂಗಸರ ಸೈಕಲ್ ಅಂತ ದೂರ ಇಡೋದು ಶುದ್ಧ ಮೊಂಡುತನ. ಈ ವಯಸ್ಸಿನಲ್ಲಿ ಬೀಳೋದು ವೇಗದಲ್ಲಲ್ಲ, ಹತ್ತುವಾಗ, ಇಳಿಯುವಾಗ, ನಿಲ್ಲಿಸುವಾಗ. ನಿಂತ ಸೈಕಲ್ಲಿನಿಂದ ಪಕ್ಕಕ್ಕೆ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು.

ಹತ್ತುವ ಕ್ರಮ: ಎರಡೂ ಬ್ರೇಕು ಹಿಡಿದು, ಸೈಕಲ್ಲನ್ನು ನಿಮ್ಮ ಕಡೆಗೇ ವಾಲಿಸಿ. ಆಗ ದಾಟಬೇಕಾದ ಎತ್ತರ ಕಮ್ಮಿಯಾಗುತ್ತೆ. ಕಾಲು ದಾಟಿಸಿ, ಎರಡೂ ಪಾದ ನೆಲದ ಮೇಲಿಟ್ಟು ನೆಟ್ಟಗೆ ನಿಲ್ಲಿ. ಒಂದು ಪೆಡಲ್ಲನ್ನು ಮುಂದೆ, ಗಡಿಯಾರದಲ್ಲಿ ಎರಡು ಗಂಟೆ ತೋರಿಸುವ ಜಾಗಕ್ಕೆ ತಂದು, ಬ್ರೇಕು ಬಿಟ್ಟು, ಅದರ ಮೇಲೆ ಮೈಭಾರ ಹಾಕಿ. ಸೈಕಲ್ ಮುಂದೆ ಹೋಗುತ್ತೆ, ನೀವು ಮೇಲೆ ಬರುತ್ತೀರಿ, ಆಮೇಲೆ ಸೀಟು. ಇಳಿಯುವಾಗ ಇದೇ ಉಲ್ಟಾ: ನಿಲ್ಲುವ ಮೊದಲೇ ಹಗುರ ಗೇರಿಗೆ ಹಾಕಿ, ಒಂದು ಪೆಡಲ್ ಕೆಳಗಿರುವಾಗ ಅದರ ಮೇಲೆ ನಿಂತು ಸೀಟಿನಿಂದ ಮುಂದಕ್ಕೆ ಜಾರಿ, ಇನ್ನೊಂದು ಕಾಲನ್ನು ನೆಲಕ್ಕೆ ಕೊಡಿ. ಸೀಟಿನ ಮೇಲೇ ಕೂತು ತುದಿಗಾಲಲ್ಲಿ ನೆಲ ಹುಡುಕೋದೇ ಬೀಳುವ ದಾರಿ.

ಉಬ್ಬುತಗ್ಗು:
ಅದಕ್ಕೇ ಅಲ್ವಾ ಸೀಟು ಕೆಳಗಿಳಿಸಿಕೊಳ್ಳೋದು? ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದರೆ ಧೈರ್ಯ.

ಗೇರ್‌ಇಳಿಸಿ:
ಧೈರ್ಯ ಬರುತ್ತೆ, ಮಂಡಿ ಹೋಗುತ್ತೆ. ಸೀಟು ತಗ್ಗಿದಷ್ಟೂ ಪೆಡಲ್ ಮೇಲೆ ಬಂದಾಗ ಮಂಡಿ ಹೆಚ್ಚು ಮಡಚುತ್ತೆ, ಮಡಚಿದ ಮಂಡಿಯಿಂದ ತುಳಿದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತೆ. ಮೊದಲ ಒಂದು ವಾರ, ಸಮತೋಲ ಮರಳುವವರೆಗೆ, ಖಾಲಿ ಬಯಲಿನಲ್ಲಿ ತಗ್ಗಿಸಿ ಓಡಿಸಿ. ಅದಾದ ಮೇಲೆ ಅಳೆದು ಕೂರಿಸಿ.

ಅಳೆಯೋದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಗೇಣಿಗಿಂತ ಸ್ವಲ್ಪ ಕಮ್ಮಿ ಅಂತರ ಬಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲ ಸಂದಿಯಲ್ಲಿ, ಸೀಟು ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ, ಪುಸ್ತಕದ ಅಂಚು ಗೋಡೆಗೆ ತಾಗಿರಲಿ. ಮೇಲಂಚಿನಿಂದ ನೆಲಕ್ಕೆ ಎಷ್ಟು ಅಂತ ಇನ್ನೊಬ್ಬರಿಂದ ಅಳೆಸಿ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ಅಕ್ಸಲ್ಲಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಕಾಲಿನ ಅಳತೆ 78 ಸೆಂ.ಮೀ. ಆದರೆ 68.9. ತೊಡೆಯ ಹಿಂಭಾಗ ಬಿಗಿಯಾಗಿರುವವರು, ಅಂದರೆ ಈ ವಯಸ್ಸಿನಲ್ಲಿ ಬಹುಪಾಲು ಎಲ್ಲರೂ, ಇದರಲ್ಲಿ 5ರಿಂದ 10 ಮಿ.ಮೀ. ಕಳೆದು ಶುರು ಮಾಡಿ.

ಇನ್ನು ಹಿಮ್ಮಡಿ ಪರೀಕ್ಷೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಆ ಕಡೆಗೆ ಜಾರಬಾರದು. ಈಗ ಪಾದದ ಮುಂಭಾಗವನ್ನು ಪೆಡಲ್ಲಿಗೆ ತಂದರೆ ಮಂಡಿ 25ರಿಂದ 35 ಡಿಗ್ರಿ ಮಡಚಿರುತ್ತೆ, ಬೇಕಾದ್ದು ಅಷ್ಟೇ. ಹಿಂದಿನಿಂದ ಯಾರಾದರೂ ವಿಡಿಯೋ ತೆಗೆದರೆ ಸೊಂಟ ಎಡಬಲ ಕುಲುಕುವುದು ಕಾಣುತ್ತೆ. ಕುಲುಕಿದರೆ ಎತ್ತರ ಜಾಸ್ತಿ.

ಬದಲಾವಣೆ ಮಾಡುವಾಗ ಒಮ್ಮೆಗೆ 3 ಮಿ.ಮೀ., ಒಂದು ಸಲಕ್ಕೆ ಒಂದೇ ಬದಲಾವಣೆ. ಸೀಟಿನ ಎತ್ತರ, ಹಿಂದೆಮುಂದೆ, ಹ್ಯಾಂಡಲ್ ಮೂರನ್ನೂ ಒಂದೇ ದಿನ ತಿರುವಿದರೆ ಯಾವುದರಿಂದ ನೋವು ಹೋಯಿತು, ಯಾವುದರಿಂದ ಬಂತು ಅನ್ನೋದು ಗೊತ್ತೇ ಆಗಲ್ಲ. ಕಂಬದ ಸುತ್ತ ಟೇಪು ಅಂಟಿಸಿ ಹಳೇ ಗುರುತು ಉಳಿಸಿಕೊಳ್ಳಿ.

ಹ್ಯಾಂಡಲ್ ಸೀಟಿನ ಸಮಕ್ಕೆ ಇಲ್ಲವೇ ಒಂದೆರಡು ಇಂಚು ಮೇಲೆ ಇರಲಿ. ಹಳೇ ಸೈಕಲ್ಲಿನಲ್ಲಿ ಹ್ಯಾಂಡಲ್ ಕಂಬದ ಮೇಲಿನ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಮರದ ತುಂಡು ಇಟ್ಟು ಮೇಲಿನಿಂದ ಒಂದೇಟು ಕೊಡಿ. ಒಳಗಿನ ಬೆಣೆ ಕಳಚಿ ಕಂಬ ಎದ್ದುಬರುತ್ತೆ, ಅಲ್ಲೂ ಗೆರೆ ಮೀರಬೇಡಿ. ಹೊಸ ಥರದ್ದರಲ್ಲಿ ಫೋರ್ಕಿನ ಕೊಳವೆ ಕತ್ತರಿಸಿಬಿಟ್ಟಿದ್ದರೆ ಎತ್ತೋಕೆ ಜಾಗವಿರಲ್ಲ, ಮೇಲಕ್ಕೆ ಕೋನವಿರುವ ಸ್ಟೆಮ್ (ಹ್ಯಾಂಡಲ್ಲನ್ನು ಹಿಡಿದಿರುವ ತುಂಡು) ಅಥವಾ ಎತ್ತರಿಸುವ ಜೋಡಣೆ ಹಾಕಬೇಕು. ಎತ್ತಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕಿನ ತಂತಿ ಬಿಗಿಯುತ್ತಾ ನೋಡಿ. ಇದನ್ನು ಮರೆತರೆ ತಿರುವಿನಲ್ಲಿ ತಾನಾಗಿಯೇ ಬ್ರೇಕು ಹಿಡಿಯುತ್ತೆ.

ಸೀಟು ಮೆತ್ತಗಿದ್ದಷ್ಟೂ ಸುಖ ಅನ್ನೋದು ಮೊದಲ ಹದಿನೈದು ನಿಮಿಷದ ಮಾತು. ದಪ್ಪ ಜೆಲ್ಲಿನೊಳಗೆ ಕೂರುವ ಮೂಳೆ ಹೂತುಹೋಗಿ ನಡುವಿನ ಭಾಗ ಮೇಲೆದ್ದು ನರವನ್ನು ಒತ್ತುತ್ತೆ, ಜೋಮು ಹಿಡಿಯೋದು ಅದಕ್ಕೆ. ಅಗಲ ಸರಿ ಇರಬೇಕು, ಅಷ್ಟೇ. ಗಟ್ಟಿ ಮೆಟ್ಟಿಲ ಮೇಲೆ ಏಣುಏಣಿನ ರಟ್ಟು ಹಾಸಿ, ಸ್ವಲ್ಪ ಮುಂದೆ ಬಾಗಿ ಕೂತು ಎದ್ದರೆ ಎರಡು ಗುಳಿ ಬಿದ್ದಿರುತ್ತೆ. ಗುಳಿಗಳ ನಡುವಿನ ಅಂತರಕ್ಕೆ 2ರಿಂದ 3 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ. ನೆಟ್ಟಗೆ ಕೂರುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಸೀಟು ಎಂಥದ್ದೇ ಇರಲಿ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ರಕ್ತ ಹರಿಯೋಕೆ ಬಿಡಿ.

ಚಿಪ್ಪು-ಕೀಲು:
ಮಂಡಿಯ ಬಗ್ಗೆ. ನೋವು ಎಲ್ಲಿ ಅನ್ನೋದೇ ಅರ್ಧ ಉತ್ತರ ಹೇಳುತ್ತದೆ. ಮುಂಭಾಗದಲ್ಲಿ, ಚಿಪ್ಪಿನ ಸುತ್ತ ಅಥವಾ ಅದರ ಕೆಳಗಿನ ಸ್ನಾಯುರಜ್ಜುವಿನಲ್ಲಿ ನೋವಿದ್ದರೆ ಸೀಟು ತಗ್ಗಿದೆ, ಇಲ್ಲವೇ ತೀರಾ ಮುಂದಿದೆ, ಇಲ್ಲವೇ ಗೇರು ಭಾರ. ಹಿಂಭಾಗದಲ್ಲಿ ಎಳೆತವಿದ್ದರೆ ಸೀಟು ಎತ್ತರ ಅಥವಾ ತೀರಾ ಹಿಂದೆ. ಹೊರಮಗ್ಗುಲಲ್ಲಿ ಚುಚ್ಚಿದರೆ ಎತ್ತರದ ಜೊತೆಗೆ ಪಾದ ಪೆಡಲ್ ಮೇಲೆ ಯಾವ ಕೋನದಲ್ಲಿದೆ ನೋಡಿ. ನಡೆಯುವಾಗ ಪಾದ ಹೊರಕ್ಕೆ ತಿರುಗುವವರು ಸೈಕಲ್ ಮೇಲೆ ಬಲವಂತವಾಗಿ ನೆಟ್ಟಗಿಡಬಾರದು. ಆದ್ದರಿಂದಲೇ ಮರಳಿ ಶುರು ಮಾಡುವವರಿಗೆ ಶೂ ಕಚ್ಚಿಕೊಳ್ಳುವ ಪೆಡಲ್ಲಿಗಿಂತ ಅಗಲವಾದ ಚಪ್ಪಟೆ ಪೆಡಲ್ ಮೇಲು. ಹಿಮ್ಮಡಿಯ ಮೇಲಿನ ರಜ್ಜು ಅಥವಾ ಮೀನಖಂಡ ನೋಯುತ್ತಿದ್ದರೆ ಪಾದವನ್ನು ಒಂದೆರಡು ಸೆಂ.ಮೀ. ಮುಂದಕ್ಕೆ ತಳ್ಳಿ ಪೆಡಲ್ ಅಕ್ಸಲ್ ಪಾದದ ನಡುವಿನ ಹತ್ತಿರ ಬರುವಂತೆ ಇಡಿ.

ಕೀಲು ಊದಿಕೊಂಡರೆ, ಬಿಸಿಯಾದರೆ, ಮಡಚುವಾಗ ಸಿಕ್ಕಿಹಾಕಿಕೊಂಡರೆ ಸೀಟು ತಿರುವುತ್ತ ಕೂರಬೇಡಿ, ತೋರಿಸಿ.

ಸವೆದ ಮಂಡಿಗೆ ಸೈಕಲ್ ಶತ್ರುವಲ್ಲ. ಮೈಭಾರ ಸೀಟಿನ ಮೇಲಿರುವುದರಿಂದ ಕೀಲಿನ ಮೇಲೆ ಓಟಕ್ಕಿಂತ ಬಹಳ ಕಮ್ಮಿ ಹೊರೆ. ಸಮಸ್ಯೆ ಮಡಚುವುದರಲ್ಲಿ. ಪೆಡಲ್ ಪೂರ್ತಿ ಸುತ್ತಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರಿಗೆ ಮೊದಮೊದಲು ಅಷ್ಟು ಬರುವುದಿಲ್ಲ. ಅಂಥವರು ಫಿಸಿಯೋ ಒಪ್ಪಿದ ಮೇಲೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲಿನಲ್ಲಿ ಸೀಟು ಎತ್ತರಿಸಿ, ಪೂರ್ತಿ ಸುತ್ತದೆ ಹಿಂದೆಮುಂದೆ ತೂಗಿಸುತ್ತ ಶುರು ಮಾಡುತ್ತಾರೆ. ರಸ್ತೆಯ ಸೈಕಲ್ಲಿಗೆ ಉಪಾಯ ಗಿಡ್ಡ ಕ್ರ್ಯಾಂಕು. ಸಾಮಾನ್ಯವಾಗಿ ಬರುವುದು 170 ಮಿ.ಮೀ., 165 ಅಥವಾ 160 ಹಾಕಿದರೆ ಪೆಡಲ್ ಮೇಲೆ ಬಂದಾಗ ಮಂಡಿಯೂ ಸೊಂಟವೂ ಕಮ್ಮಿ ಮಡಚುತ್ತವೆ. ಕ್ರ್ಯಾಂಕು 10 ಮಿ.ಮೀ. ಗಿಡ್ಡವಾದರೆ ಸೀಟನ್ನು ಅಷ್ಟೇ 10 ಮಿ.ಮೀ. ಎತ್ತಬೇಕು, ಇಲ್ಲವಾದರೆ ಬಂದ ಲಾಭವೆಲ್ಲ ಅಲ್ಲೇ ಹೋಗುತ್ತದೆ.

ಗೇರ್‌ಇಳಿಸಿ:
ನನ್ನ ಪ್ರಕಾರ ಹೊಸದಾಗಿ ಮರಳುವವರ ಮಂಡಿ ಕೆಡಿಸೋದು ಸೀಟಿಗಿಂತ ಭಾರದ ಗೇರು. ನಿಮಿಷಕ್ಕೆ 50 ಸುತ್ತು ಒತ್ತಿ ಒತ್ತಿ ತುಳಿಯೋದನ್ನ ಬಿಟ್ಟು 70ರಿಂದ 85ಕ್ಕೆ ತನ್ನಿ. 15 ಸೆಕೆಂಡಿನಲ್ಲಿ ಬಲ ಮಂಡಿ ಎಷ್ಟು ಸಲ ಮೇಲೆ ಬಂತು ಎಣಿಸಿ ನಾಲ್ಕರಿಂದ ಗುಣಿಸಿ, ಮೀಟರೇನೂ ಬೇಡ.

ಒಂದೇ ಗೇರಿನ ಸೈಕಲ್ ಇರುವವರು ಈ ಲೆಕ್ಕ ನೋಡಿ. ಮುಂದೆ 44 ಹಲ್ಲು, ಹಿಂದೆ 18 ಆದರೆ ಅನುಪಾತ 2.44. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಅಂದರೆ 70ರ ಲಯದಲ್ಲಿ ತುಳಿಯಬೇಕಾದರೆ ಗಂಟೆಗೆ 22 ಕಿ.ಮೀ. ದಾಟಿ ಓಡಬೇಕು. ಎದುರುಗಾಳಿಯಲ್ಲಿ ಅದು ಆಗೋ ಮಾತಲ್ಲ, ಹಾಗಾಗಿ ಲಯ 50ಕ್ಕೆ ಬೀಳುತ್ತೆ, ಹೊರೆ ಮಂಡಿಗೆ ಬೀಳುತ್ತೆ. ಹಿಂದೆ 22 ಹಲ್ಲಿನ ಫ್ರೀವ್ಹೀಲ್ (ಹಿಂದಿನ ಹಲ್ಲುಚಕ್ರ) ಹಾಕಿದರೆ ಅನುಪಾತ 2, ಅದೇ 70ಕ್ಕೆ ಗಂಟೆಗೆ 18 ಕಿ.ಮೀ. ಚಿಲ್ಲರೆ. ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಬೇಕಾಗಬಹುದು, ಇಲ್ಲಾ ಚಕ್ರ ಸ್ವಲ್ಪ ಮುಂದೆ ಸರಿದೀತು. ಸರಿದರೆ ಬ್ರೇಕ್ ಶೂ ರಿಮ್ಮಿಗೆ ಸರಿಯಾಗಿ ಕೂರುತ್ತಾ ಮತ್ತೆ ನೋಡಿಕೊಳ್ಳಿ. ಈ ಒಂದು ಬಿಡಿಭಾಗ ಮಾಡುವಷ್ಟು ಉಪಕಾರವನ್ನು ಮಂಡಿಪಟ್ಟಿ ಮಾಡಲ್ಲ.

ಗೇರಿನ ಸೈಕಲ್ ಕೊಳ್ಳುವವರು ಮುಂದಿನ ಅತಿ ಚಿಕ್ಕ ಚಕ್ರ, ಹಿಂದಿನ ಅತಿ ದೊಡ್ಡ ಚಕ್ರ ಎರಡರ ಹಲ್ಲು ಎಣಿಸಿ. ಮುಂದಿನದು ಹಿಂದಿನದಕ್ಕೆ ಸಮ ಅಥವಾ ಕಮ್ಮಿ ಇರಬೇಕು. 26ಕ್ಕೆ 34 ಇದ್ದರೆ ಹೆಚ್ಚಿನ ಏರುಗಳನ್ನು ಕೂತೇ ಹತ್ತಬಹುದು. ಅದಕ್ಕಿಂತ ಹಗುರ ಬೇಕಾದಲ್ಲಿ ವೇಗ ನಡಿಗೆಯಷ್ಟೇ ಆಗಿರುತ್ತೆ, ಸಮತೋಲ ಸಿಗಲ್ಲ, ಇಳಿದು ತಳ್ಳಿ.

ಉಬ್ಬುತಗ್ಗು:
ಎದೆಬಡಿತ 220ರಿಂದ ವಯಸ್ಸು ಕಳೆದು ಅದರ 70 ಪರ್ಸೆಂಟ್ ಅಂತ ವಾಚು ತೋರಿಸುತ್ತೆ. ಅದನ್ನೇ ಹಿಡಿದರೆ ಸಾಕಲ್ವಾ?

ಚಿಪ್ಪು-ಕೀಲು:
ಸಾಲದು. 65 ವಯಸ್ಸಿಗೆ ಆ ಸೂತ್ರ ಗರಿಷ್ಠ ಬಡಿತ 155 ಎನ್ನುತ್ತದೆ. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು, 162.5 ಕೊಡುತ್ತದೆ. ಎರಡೂ ಗುಂಪಿನ ಸರಾಸರಿಗಳೇ. ಒಬ್ಬೊಬ್ಬರ ನಿಜವಾದ ಗರಿಷ್ಠ ಬಡಿತ ಹತ್ತು-ಹನ್ನೆರಡು ಮೇಲೆ ಕೆಳಗೆ ಇರುವುದು ಮಾಮೂಲು. ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗಂತೂ ಯಾವ ಸೂತ್ರವೂ ನಡೆಯುವುದಿಲ್ಲ, ಮಾತ್ರೆಯೇ ಬಡಿತವನ್ನು ಏರಗೊಡುವುದಿಲ್ಲ. ಆ ಅಂಕಿ ಮುಟ್ಟಲೇಬೇಕು ಎಂದು ತುಳಿದರೆ ಅಪಾಯ.

ಮಾತಿನ ಪರೀಕ್ಷೆ ಸಾಕು. ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು: ಅದು ಮಧ್ಯಮ ಶ್ರಮ. ಮೂರ್ನಾಲ್ಕು ಪದಕ್ಕೆ ಉಸಿರು ಎಳೆಯಬೇಕಾದರೆ ಕಠಿಣ. ಕೈಗಡಿಯಾರದ ಬೆಳಕಿನ ಸಂವೇದಕ ಹ್ಯಾಂಡಲ್ಲಿನ ನಡುಕಕ್ಕೆ ತಪ್ಪು ತೋರಿಸುತ್ತದೆ, ಅಳೆಯಲೇಬೇಕೆಂದರೆ ಎದೆಪಟ್ಟಿ ಬಳಸಿ. ಎದೆ ಹಿಡಿದಂತಾಗುವುದು, ದವಡೆಗೋ ತೋಳಿಗೋ ಹರಿಯುವ ನೋವು, ಶ್ರಮಕ್ಕೆ ಮೀರಿದ ಏದುಸಿರು, ಕಣ್ಣು ಕತ್ತಲಿಡುವುದು, ಬಡಿತ ತಾಳತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ ಸಹಾಯಕ್ಕೆ ಕರೆ ಮಾಡಿ. ನಿಧಾನಕ್ಕೆ ಮನೆ ಸೇರಿಬಿಡೋಣ ಎನ್ನುವ ಲೆಕ್ಕಾಚಾರ ಬೇಡ.

ನಿಧಾನಿ:
ವಾರದ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಕಠಿಣ ಶ್ರಮ. ಅದು ತಲುಪಬೇಕಾದ ಜಾಗ, ಮೊದಲ ವಾರದ ಗುರಿಯಲ್ಲ. ಮೊದಲೆರಡು ವಾರ, ದಿನ ಬಿಟ್ಟು ದಿನ ಮೂರು ಸಲ, 20 ನಿಮಿಷ, ಸಮತಟ್ಟಿನಲ್ಲಿ. ಮುಂದಿನೆರಡು ವಾರ 30 ನಿಮಿಷ. ಎರಡನೇ ತಿಂಗಳಲ್ಲಿ ಎರಡು ದಿನ 40, ಒಂದು ದಿನ ಒಂದು ಗಂಟೆ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿತ. ಮೊದಲ ಹತ್ತು ನಿಮಿಷ ಹಗುರ ಗೇರು. ಕೊನೆಯ ಐದು ನಿಮಿಷವೂ ಹಗುರ, ಯಾಕಂದರೆ ಗಬಕ್ಕನೆ ನಿಲ್ಲಿಸಿದರೆ ರಕ್ತ ಕಾಲಲ್ಲೇ ನಿಂತು ತಲೆ ತಿರುಗುತ್ತೆ.

ಹೆಚ್ಚಿನವರು ಕೆಡಿಸಿಕೊಳ್ಳೋದು ಮೂರು-ನಾಲ್ಕನೇ ವಾರದಲ್ಲಿ. ಉಸಿರು ಬೇಗ ಸುಧಾರಿಸುತ್ತೆ, ರಜ್ಜು-ಕೀಲುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತು ಅಂತ ದೂರ ಎರಡು ಪಟ್ಟು ಮಾಡಿದಾಗ ನೋವು ಶುರು.

ಮೋಟುಗೋಡೆ:
ಹಾಗಾದರೆ ಯಾವಾಗಲೂ ನಿಧಾನವೇ ಸಾಕು ಅಂತಾಯ್ತಲ್ಲ. 55ರಿಂದ 79 ವಯಸ್ಸಿನ ಸೈಕಲ್ ಸವಾರರ ರೋಗನಿರೋಧಕ ಶಕ್ತಿ ಎಳೆಯರಂತಿತ್ತು ಅಂತ ಓದಿದ್ದು ನೆನಪು.

ಚಿಪ್ಪು-ಕೀಲು:
2018ರಲ್ಲಿ ಬಂದ ಆ ಅಧ್ಯಯನ ಲಂಡನ್ನಿನ ಕಿಂಗ್ಸ್ ಕಾಲೇಜ್ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರದು, 125 ಸವಾರರು. ಆದರೆ ಯಾರವರು ನೋಡಿ: ಗಂಡಸರು ಆರೂವರೆ ಗಂಟೆಯೊಳಗೆ 100 ಕಿ.ಮೀ., ಹೆಂಗಸರು ಐದೂವರೆ ಗಂಟೆಯೊಳಗೆ 60 ಕಿ.ಮೀ. ಓಡಿಸಬಲ್ಲವರನ್ನು ಮಾತ್ರ ಆರಿಸಿದ್ದರು. ಬಿಟ್ಟು ಮರಳಿದವರಲ್ಲ, ಬಿಡದೆ ತುಳಿದವರು. ಅದರಿಂದ ನಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ.

ಹೆಚ್ಚು ಹತ್ತಿರದ ಉದಾಹರಣೆ ಫ್ರಾನ್ಸಿನ ರಾಬೆರ್ ಮಾರ್ಶಾಂ. 1911ರಲ್ಲಿ ಹುಟ್ಟಿ, ದಶಕಗಳ ಕಾಲ ಸೈಕಲ್ ಬಿಟ್ಟಿದ್ದು, ತಮ್ಮ ಅರವತ್ತೇಳನೇ ವಯಸ್ಸಿನ ಆಸುಪಾಸಿನಲ್ಲಿ ಮರಳಿದವರು. ನೂರು ದಾಟಿದವರ ಒಂದು ಗಂಟೆಯ ದಾಖಲೆ 2012ರಲ್ಲಿ 24.25 ಕಿ.ಮೀ., ಎರಡು ವರ್ಷದ ನಂತರ ಅದನ್ನು 26.927ಕ್ಕೆ ಏರಿಸಿದರು. ಆ ನಡುವಿನ ಅವಧಿಯಲ್ಲಿ ಅವರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 31 ಮಿ.ಲೀ. ಇದ್ದದ್ದು 35ಕ್ಕೆ ಏರಿತ್ತು. ಅಭ್ಯಾಸದ ಹಂಚಿಕೆ ಗಮನಿಸಿ: ಸುಮಾರು 80 ಭಾಗ ಹಗುರ, 20 ಭಾಗ ಕಠಿಣ. ಒಬ್ಬರ ಫಲಿತಾಂಶವನ್ನು ಎಲ್ಲರಿಗೂ ಹಚ್ಚಲಾಗದು, ಆದರೆ ಬರೀ ನಿಧಾನದಿಂದ ಅದು ಬಂದದ್ದಲ್ಲ ಎನ್ನುವುದು ಖಚಿತ.

ಆದ್ದರಿಂದ ಎರಡು ತಿಂಗಳು ನೋವಿಲ್ಲದೆ ಮುಗಿದ ಮೇಲೆ, ವಾರಕ್ಕೆ ಒಂದೇ ದಿನ: ಹತ್ತು ನಿಮಿಷ ಹಗುರ, ನಂತರ 3 ನಿಮಿಷ ಮಾತು ತುಂಡಾಗುವಷ್ಟು ಜೋರು, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಜೋರು ಎಂದರೆ ಲಯ ಏರಿಸುವುದು, ಗೇರು ಭಾರ ಮಾಡುವುದಲ್ಲ. ಮಾರನೇ ದಿನ ರಜೆ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ಇದಕ್ಕೆ ಮೊದಲು ವೈದ್ಯರ ಒಪ್ಪಿಗೆ ಪಡೆಯಲೇಬೇಕು.

ಇನ್ನೊಂದು, ಇದನ್ನು ಸೈಕಲ್ ಪ್ರಿಯರು ಕೇಳಿಸಿಕೊಳ್ಳುವುದಿಲ್ಲ: ಸೈಕಲ್ ಒಂದರಿಂದಲೇ ಮೂಳೆ ಗಟ್ಟಿಯಾಗುವುದಿಲ್ಲ. ಮೈಭಾರ ಸೀಟಿನ ಮೇಲಿರುವುದು ಮಂಡಿಗೆ ವರ, ಮೂಳೆಗೆ ನಷ್ಟ. ಹೊರೆ ಬೀಳದ ಮೂಳೆ ತೆಳುವಾಗುತ್ತದೆ. ಜೊತೆಗೆ ಅರವತ್ತರ ನಂತರ ಸ್ನಾಯು ಕರಗುವ ವೇಗ ಹೆಚ್ಚು, ಅದರಲ್ಲೂ ಎಡವಿದಾಗ ಥಟ್ಟನೆ ಕಾಲೂರಲು ಬೇಕಾದ ಚುರುಕು ಎಳೆಗಳು ಮೊದಲು ಹೋಗುತ್ತವೆ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು-ಕೂರುವುದು 8ರಿಂದ 10 ಸಲ, ಮೂರು ಸುತ್ತು. ಸಲೀಸಾದರೆ ಕೈಯಲ್ಲಿ ತೂಕ ಹಿಡಿದು. ಮೆಟ್ಟಿಲು ಹತ್ತಿ ಇಳಿಯುವುದು, ಹಿಮ್ಮಡಿ ಎತ್ತಿಳಿಸುವುದು, ಗೋಡೆ ತಳ್ಳುವುದು. ದಿನವೂ ಒಂಟಿಕಾಲಲ್ಲಿ 30 ಸೆಕೆಂಡು, ಕೈಗೆಟುಕುವಲ್ಲಿ ಗೋಡೆ ಇರಲಿ. ಪ್ರೋಟೀನು ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ, ಒಂದೇ ಊಟಕ್ಕೆ ತುಂಬದೆ ಹಂಚಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಂಕಿ ಅನ್ವಯಿಸುವುದಿಲ್ಲ.

ಎಡಪೆಡಲ್:
ಮಾತ್ರೆಗಳ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೊಗೊಳ್ಳುವವರು ತಲೆಗೆ ಏಟು ಬಿದ್ದರೆ, ಚೆನ್ನಾಗೇ ಇದ್ದೀನಿ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು, ಒಳಗಿನ ರಕ್ತಸ್ರಾವ ತಡವಾಗಿ ಗೊತ್ತಾಗುತ್ತೆ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ಇದ್ದರೆ ಹೊರಡುವ ಮೊದಲು ರಕ್ತದ ಸಕ್ಕರೆ ನೋಡಿಕೊಳ್ಳಿ, 90 ಮಿ.ಗ್ರಾಂ./ಡೆ.ಲೀ.ಗಿಂತ ಕಮ್ಮಿ ಇದ್ದರೆ ಏನಾದರೂ ತಿಂದು ಹೊರಡಿ, ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಇರಲಿ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತೆ, ಅದಕ್ಕೆ ಕಾಯದೆ ಗುಟುಕು ಗುಟುಕಾಗಿ ಕುಡಿಯಿರಿ. ಹೃದಯಕ್ಕೋ ಮೂತ್ರಪಿಂಡಕ್ಕೋ ನೀರಿನ ಮಿತಿ ಹೇಳಿದ್ದರೆ ಅದೇ ಮಿತಿ.

ಕತ್ತು ತಿರುಗಿಸಿ ಹಿಂದೆ ನೋಡೋಕೆ ಆಗದವರು ಹ್ಯಾಂಡಲ್ಲಿಗೆ ಕನ್ನಡಿ ಹಾಕಿಸಿ. ಎರಡು ಪವರಿನ ಕನ್ನಡಕದ ಕೆಳಭಾಗದಿಂದ ರಸ್ತೆಯ ಗುಂಡಿ ಮಸುಕಾಗಿ ಕಾಣುತ್ತೆ, ಸೈಕಲ್ಲಿಗೆ ದೂರದೃಷ್ಟಿಯದ್ದೇ ಬೇರೆ ಇಟ್ಟುಕೊಳ್ಳೋದು ಕ್ಷೇಮ.

ಉಬ್ಬುತಗ್ಗು:
ಮೋಟಾರ್ ಇರುವ ಸೈಕಲ್? ವ್ಯಾಯಾಮ ಆಗುತ್ತಾ, ಮೋಸವಾ?

ಗೇರ್‌ಇಳಿಸಿ:
ತುಳಿದರೆ ವ್ಯಾಯಾಮ. ಏರಿನಲ್ಲಿ ಎದೆಬಡಿತ ಮಿತಿ ಮೀರದ ಹಾಗೆ ನೋಡಿಕೊಳ್ಳೋಕೆ ಅದಕ್ಕಿಂತ ಒಳ್ಳೇ ಸಾಧನವಿಲ್ಲ. ಕೊಳ್ಳುವಾಗ ಒತ್ತಡ ಅಳೆಯುವ ಸೆನ್ಸರ್ ಇರೋದನ್ನೇ ನೋಡಿ, ನೀವು ಒತ್ತಿದಷ್ಟಕ್ಕೆ ತಕ್ಕ ಸಹಾಯ ಕೊಡುತ್ತೆ. ಪೆಡಲ್ ತಿರುಗಿದ್ದನ್ನಷ್ಟೇ ನೋಡುವ ಸೆನ್ಸರ್ ತಡವಾಗಿ, ಒಮ್ಮೆಲೇ ನೂಕುತ್ತೆ. ನಿಂತಿರುವಾಗ ಪೆಡಲ್ ಮೇಲೆ ಕಾಲಿಟ್ಟುಕೊಂಡಿರಬೇಡಿ, ಬ್ರೇಕು ಹಿಡಿದೇ ಇರಿ. ತೂಕ 20ರಿಂದ 25 ಕಿಲೋ ಬರುತ್ತೆ, ವಾಲಿದರೆ ಹಿಡಿದು ನಿಲ್ಲಿಸೋಕೆ ಆಗುತ್ತಾ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡಿ.

ಮೋಟುಗೋಡೆ:
ಕೊನೇದೊಂದು. ಅರ್ಧ ಗಂಟೆ ಆದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತೆ ಅನ್ನೋರು ಇದ್ದಾರೆ. ಗ್ಲೌಸು ಹಾಕಿದರೆ ಸಾಕಾ?

ಚಿಪ್ಪು-ಕೀಲು:
ಗ್ಲೌಸು ಕೊನೆಗೆ. ಆ ಎರಡು ಬೆರಳೆಂದರೆ ಅಂಗೈಯ ಕಿರುಬೆರಳಿನ ಕಡೆಯ ನರ ಹ್ಯಾಂಡಲ್ಲಿಗೆ ಒತ್ತುತ್ತಿದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಾದರೆ ಮಣಿಕಟ್ಟಿನ ನಡುವಿನ ನರ, ಆಗ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ. ಮೊದಲು ಸೀಟಿನ ಮೂತಿ ಕೆಳಕ್ಕೆ ವಾಲಿದೆಯೇ ನೋಡಿ. ವಾಲಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬರುತ್ತದೆ. ಮಟ್ಟ ಮಾಡಿ. ನಂತರ ಹ್ಯಾಂಡಲ್ ಎತ್ತರಿಸಿ ಅಥವಾ ಹತ್ತಿರ ತನ್ನಿ. ಲಿವರನ್ನು ತೋಳಿನ ಇಳಿಜಾರಿಗೆ ನೇರ ಬರುವಂತೆ ತಿರುಗಿಸಿ. ಗುಂಡನೆಯ ಹಿಡಿಯ ಬದಲು ಅಂಗೈಗೆ ಆಸರೆ ಕೊಡುವ ಅಗಲ ಹಿಡಿ ಹಾಕಿ. ಟೈರಿನ ಗಾಳಿಯನ್ನೂ ನೋಡಿ: 35 ಮಿ.ಮೀ. ಟೈರಿಗೆ 75 ಕಿಲೋ ತೂಕದವರು 80 ಪಿಎಸ್‌ಐ ತುಂಬಿ ಓಡಿಸಿದರೆ ನಡುಕವೆಲ್ಲ ಕೈಗೆ. 50ರ ಹತ್ತಿರ ಸಾಕು, ಮುಂದಿನದಕ್ಕೆ ಇನ್ನೂ ಐದು ಕಮ್ಮಿ. ಟೈರಿನ ಪಕ್ಕದಲ್ಲಿ ಬರೆದ ಕನಿಷ್ಠಕ್ಕಿಂತ ಮಾತ್ರ ಇಳಿಸಬೇಡಿ. ಇಷ್ಟಾದರೂ ಇಳಿದ ಮೇಲೆ ಗಂಟೆಗಟ್ಟಲೆ ಜೋಮು ಉಳಿದರೆ, ರಾತ್ರಿ ಎಚ್ಚರವಾದರೆ, ಗುಂಡಿ ಹಾಕಲು ಬೆರಳು ಮಾತು ಕೇಳದಿದ್ದರೆ ಸೈಕಲ್ ನಿಲ್ಲಿಸಿ ನರದ ಪರೀಕ್ಷೆ ಮಾಡಿಸಬೇಕು.